ಅಂಗಡಿಯಿಲ್ಲದ ಅಂಗಡಿ ಮೇಷ್ಟ್ರು

ಅಂಗಡಿ ಇಡೋದು ಹೇಗೆ ಅಂತ ಅಂಗಡಿಯೇ ಇಲ್ಲದವನು ಪಾಠ ಹೇಳಲು ನಿಂತರೆ ಇಂಥವು ಆಗುತ್ತಲೇ ಇರುತ್ತವೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸರ್ಕಾರದ ಸ್ವಯಂ ಉದ್ಯೋಗ ಯೋಜನೆಯಲ್ಲಿ ಗುತ್ತಿಗೆ ಮೇಷ್ಟ್ರು. ಮೊದಲ ಸಲ ಅಂಗಡಿ ಇಡುವವರಿಗೆ, ಸಾಲ ಕೈಗೆ ಬರುವ ಮುನ್ನ, ವ್ಯಾಪಾರ ಕಲಿಸುವುದು ನನ್ನ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂತ ಬಸ್ಸಿನಲ್ಲಿ ಸುತ್ತುವಾಗ, ಕಿಟಕಿಯಿಂದ ಕಂಡ ಪ್ರತಿ ಬೋರ್ಡಿನ ಮೇಲೂ ಮನಸ್ಸಿನಲ್ಲೇ ನನ್ನ ಹೆಸರು ಬರೆದು ನೋಡುತ್ತಿದ್ದೆ.

ಗಿರಾಕಿ ದೇವರು

ಹುಣಸೂರಿನ ತರಗತಿಯಲ್ಲಿ ಒಂದು ನಾಟಕ ಮಾಡಿಸಿದೆ. ಗಾವಡಗೆರೆಯ ಹುಡುಗ ಬಾಳೆಹಣ್ಣು ಮಾರುವವನು. ಎಚ್.ಡಿ. ಕೋಟೆಯಿಂದ ಬಂದಿದ್ದ ಹೆಣ್ಣುಮಗಳು ಗಿರಾಕಿ. ಹಣ್ಣೂ ಇಲ್ಲ, ತಕ್ಕಡಿಯೂ ಇಲ್ಲ. ಆದರೂ ಆಕೆ ಬಿಡಲಿಲ್ಲ.

"ಇನ್ನೂ ಕಾಯಿ ಕಣಣ್ಣ ಇವು. ಕಮ್ಮಿ ಮಾಡು."

ಹುಡುಗನಿಗೆ ರೇಗಿತು. "ಬೇಕಾದ್ರೆ ತಕೊ, ಇಲ್ದಿದ್ರೆ ನಡಿಯಕ್ಕ!"

"ಗಿರಾಕಿ ಅಂದ್ರೆ ದೇವರು ಅಂತ ಈಗ ತಾನೆ ಹೇಳಿದೆನಲ್ಲಪ್ಪ!" ಅಂದೆ.

"ದೇವ್ರು ಯಾವತ್ತು ಚೌಕಾಸಿ ಮಾಡವ್ನೆ ಏಳಿ ಸಾ?"

ಅತ್ತೆಯ ಹುಬ್ಬು

ಆ ಹೆಣ್ಣುಮಗಳು ಕೋಟೆಯಲ್ಲಿ ಬ್ಯೂಟಿ ಪಾರ್ಲರ್ ತೆರೆದಳು. ನೋಡಿಬರಲು ಹೋದೆ. ಗುಲಾಬಿ ಪರದೆ, ತಿರುಗುವ ಕುರ್ಚಿ, ದೊಡ್ಡ ಕನ್ನಡಿ. ಕನ್ನಡಿಯಲ್ಲಿ ಅವಳೊಬ್ಬಳೇ. ಹೆಂಗಸರು ಪರದೆ ಸರಿಸಿ, ಇಣುಕಿ, ನಾಚಿಕೊಂಡು ಹೋಗಿಬಿಡುತ್ತಿದ್ದರಂತೆ.

"ಯಾರಾದ್ರೂ ಒಬ್ರು ಬಂದು ಆ ಕುರ್ಚೀಲಿ ಕೂತ್ಕಂಡ್ರೆ ಸಾಕು ಸಾ," ಅಂದಳು. ಗಿರಾಕಿ ಇಲ್ಲದಿದ್ದರೇನು, ಕುರ್ಚಿ ಅವಳದೇ. ನನಗೆ ಹೊಟ್ಟೆಕಿಚ್ಚಾಯಿತು.

ಕೊನೆಗೆ ಅವಳ ಅತ್ತೆಯೇ, "ನಂಗೇ ಮಾಡವ್ವ, ನೋಡ್ದೋರು ಬತ್ತಾರೆ" ಅಂತ ಕೂತರಂತೆ. ಸೊಸೆ ಸಂತೋಷಕ್ಕೆ ಹುಬ್ಬನ್ನು ತುಸು ಎತ್ತರಕ್ಕೇ ತಿದ್ದಿಬಿಟ್ಟಳು. ಅತ್ತೆಯ ಮಾತು ನಿಜವಾಯಿತು, ಗಿರಾಕಿಗಳು ಬಂದರು. ಮುಂದಿನ ಸಲ ಹೋದಾಗ, "ಅತ್ತೆ ಏನಂತಾರಮ್ಮ?" ಅಂತ ಕೇಳಿದೆ.

"ಏನೂ ಅನ್ನಲ್ಲ ಸಾ. ಆದ್ರೆ ಉಪ್ಪಿಟ್ಟು ಮಾಡಿವ್ನಿ ಅಂದ್ರೂ ಗಾಬ್ರಿ ಆದಂಗೆ ನೋಡ್ತಾರೆ."

ಸ್ಕೂಲು ಬೀದಿಯ ಮಳಿಗೆ

ಕೆ.ಆರ್. ನಗರದ ಸ್ಕೂಲು ಬೀದಿಯಲ್ಲಿ ಒಂದು ಖಾಲಿ ಮಳಿಗೆಯಿತ್ತು. ತರಗತಿ ಮುಗಿಸಿ ಹೋಗಿ ಅದರ ಮುಂದೆ ನಿಲ್ಲುತ್ತಿದ್ದೆ. ಎಡಕ್ಕೆ ಪೆನ್ನು, ಪೆನ್ಸಿಲ್ಲು, ಬಲಕ್ಕೆ ನೋಟ್‌ಬುಕ್ಕು, ಎದುರಿಗೆ ಮಕ್ಕಳ ಕೈಗೆಟುಕುವ ಹಾಗೆ ಪೆಪ್ಪರಮಿಂಟಿನ ಡಬ್ಬಿ. ಬಾಗಿಲು ಹಾಕಿದ ಮಳಿಗೆಯಿಂದ ಹೊಸ ಕಾಗದದ ವಾಸನೆ ಬಂದಂತಾಗುತ್ತಿತ್ತು. ಮಾಲೀಕರು, "ನಿಮ್ಗೇ ಮಡಗಿರ್ತೀನಿ ಬುಡಿ ಮೇಷ್ಟ್ರೇ" ಅಂದಿದ್ದರು. ಪಾಪ, ಬಹಳ ಕಾಲ ಇಟ್ಟುಕೊಂಡೂ ಇದ್ದರು. ಈಗ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ. ಆ ಕಡೆ ಬಸ್ಸು ಹೋದಾಗ ಇವತ್ತಿಗೂ ನನ್ನ ಕತ್ತು ತಾನಾಗಿ ತಿರುಗುತ್ತದೆ.

ಅದು ಕೈತಪ್ಪಿದ್ದು ಹೀಗೆ. ಧೈರ್ಯ ಮಾಡಿ, ಅದೇ ಯೋಜನೆಯಲ್ಲಿ ನನಗೂ ಸಾಲ ಕೊಡಿ ಅಂತ ಕಚೇರಿಗೆ ಹೋದೆ. ಹೊಸದಾಗಿ ಬಂದಿದ್ದ ಗುಮಾಸ್ತರು ಕೇಳಿದರು:

"ತರಬೇತಿ ಸರ್ಟಿಫಿಕೇಟ್ ಎಲ್ರೀ?"

"ಸ್ವಾಮಿ, ಆ ತರಬೇತಿ ಕೊಡೋನೇ ನಾನು."

"ಕೊಟ್ಟಿದ್ದೀರಿ, ತಗೊಂಡಿಲ್ವಲ್ಲ. ಮುಂದಿನ ಬ್ಯಾಚಿಗೆ ಸೇರ್ಕೊಳ್ಳಿ."

"ಮುಂದಿನ ಬ್ಯಾಚಿಗೂ ಪಾಠ ಮಾಡೋನು ನಾನೇ!"

ಅವರು ನನ್ನನ್ನು ಕನಿಕರದಿಂದ ನೋಡಿ, ದನಿ ತಗ್ಗಿಸಿ ಧೈರ್ಯ ಹೇಳಿದರು:

"ಹೆದರಬೇಡಿ, ಗಮನ ಇಟ್ಟು ಕೇಳಿ. ಆ ಮೇಷ್ಟ್ರು ಬಹಳ ಚೆನ್ನಾಗಿ ಹೇಳ್ಕೊಡ್ತಾರಂತೆ."