ಹನ್ನೆರಡು ಮಂದಿಯ ತರಗತಿ

ಬಲ್ಗೇರಿಯದ ಉತ್ತರದಂಚಿನಲ್ಲಿ, ಡ್ಯಾನ್ಯೂಬ್ ದಂಡೆಯ ಮೇಲಿರುವ ನಮ್ಮ ವಿಶ್ವವಿದ್ಯಾಲಯದಲ್ಲಿ ಹನ್ನೆರಡು ವಿದ್ಯಾರ್ಥಿಗಳಿಲ್ಲದ ಕೋರ್ಸನ್ನು ಮುಚ್ಚತಕ್ಕದ್ದು. ಕೋರ್ಸು ಮುಚ್ಚಿದಲ್ಲಿ ಅದನ್ನು ಕಲಿಸುವವರ ಹುದ್ದೆಯನ್ನೂ ಮುಚ್ಚತಕ್ಕದ್ದು. ಈ ನಿಯಮದ ಬಗ್ಗೆ ಗಣಿತ ವಿಭಾಗದ ನಮಗೆ ಯಾವ ತಕರಾರೂ ಇಲ್ಲ. ನಿಯಮ ಮಾಡಿದವರಿಗೆ ಹನ್ನೆರಡರವರೆಗೆ ಎಣಿಸಲು ಬರುತ್ತದಲ್ಲ ಎಂಬುದೇ ನಮಗೆ ಸಮಾಧಾನ.

ಲ್ಯೂಬೆನ್ ಗೆರ್ಗಿನೋವ್ ಅವರ 'ಉನ್ನತ ಸಂಖ್ಯಾಶಾಸ್ತ್ರ'ಕ್ಕೆ ಆ ವರ್ಷ ಸೇರಿದವರು ಮೂವರು: ಜ್ಲಾತಿನಾ, ಮೊಮ್ಚಿಲ್ ಮತ್ತು ರಾದ್ಕೊ. ಇಪ್ಪತ್ತಾರು ವರ್ಷದಿಂದ ಇದನ್ನೇ ಕಲಿಸಿಕೊಂಡು ಬಂದ ಗೆರ್ಗಿನೋವ್‌ಗೆ ಬೇರೆ ಕಸುಬು ಗೊತ್ತಿರಲಿಲ್ಲ. ಮನೆಯಲ್ಲಿ ಬಲ್ಬು ಬದಲಾಯಿಸುವುದಕ್ಕೂ ಹೆಂಡತಿಯೇ ಏಣಿ ಹತ್ತಬೇಕು. ಕೋರ್ಸು ಹೋದರೆ ತಾನು ಯಾವ ಕೆಲಸಕ್ಕೂ ಬಾರದವನು ಎಂದು ಅವರಿಗೆ ನಿಜಕ್ಕೂ ಭಯವಾಗಿತ್ತು.

ಅದೃಷ್ಟಕ್ಕೆ ಅವರು ಕಲಿಸುತ್ತಿದ್ದುದು ಇಂಥ ಸಂಕಟಕ್ಕೆ ಮದ್ದನ್ನೇ. ಕೈಯಲ್ಲಿ ಮಾಹಿತಿ ಕಡಿಮೆಯಿದ್ದಾಗ ಇದ್ದುದರಲ್ಲೇ ಒಂದನ್ನು ಎತ್ತಿ, ಬರೆದುಕೊಂಡು, ವಾಪಸು ಹಾಕಿ, ಮತ್ತೆ ಎತ್ತುವುದು; ಬೇಕಾದಷ್ಟು ಆಗುವವರೆಗೆ ಎತ್ತುತ್ತಲೇ ಇರುವುದು. ಮರುಮಾದರಿ ಎನ್ನುವ ಈ ವಿಧಾನವನ್ನು ಮರ್ಯಾದಸ್ಥರೆಲ್ಲ ಬಳಸುತ್ತಾರೆ. ಗೆರ್ಗಿನೋವ್ ಮೂರು ಹೆಸರಿನ ಚೀಟಿಗಳನ್ನು ತಮ್ಮ ಉಣ್ಣೆಯ ಟೋಪಿಗೆ ಹಾಕಿ, ಕಚೇರಿಯ ಕಾರ್ಯದರ್ಶಿ ಪೆಹ್ಲಿವಾನೋವಾ ಅವರ ಸಮಕ್ಷಮದಲ್ಲಿ ಹನ್ನೆರಡು ಸಲ ಎತ್ತಿದರು. ಜ್ಲಾತಿನಾ ಏಳು ಸಲ ಬಂದಳು, ಮೊಮ್ಚಿಲ್ ಐದು ಸಲ. ರಾದ್ಕೊ ಬರಲೇ ಇಲ್ಲ.

"ಇದು ಸರಿಯಾದ ವಿಧಾನ ಅಂತ ಬರೆದುಕೊಡ್ತೀರಾ?" ಎಂದರು ಪೆಹ್ಲಿವಾನೋವಾ.

"ಪುಸ್ತಕದಲ್ಲೇ ಇದೆಯಲ್ಲ ಮೇಡಂ."

"ಪುಸ್ತಕಕ್ಕೆ ಸೀಲು ಎಲ್ಲಿರುತ್ತೆ? ನೀವು ಬರೀರಿ, ನಾನು ಹಾಕ್ತೀನಿ."

ಬರೆದುಕೊಟ್ಟರು. ಪೆಹ್ಲಿವಾನೋವಾ ನಮ್ಮ ಪದ್ಧತಿಯಂತೆ ತಲೆಯನ್ನು ಅಡ್ಡಡ್ಡ ಆಡಿಸಿ ಒಪ್ಪಿಗೆ ಸೂಚಿಸಿ, ಮೊಹರು ಒತ್ತಿದರು.

ಮುಂದಿನದೆಲ್ಲ ನಿಯಮಬದ್ಧವಾಗಿಯೇ ನಡೆಯಿತು. ಜ್ಲಾತಿನಾ ದಿನಕ್ಕೆ ಏಳು ಹಾಜರಿ ಹಾಕಿದಳು. ಮೊಮ್ಚಿಲ್‌ಗೆ ನೆಗಡಿಯಾದಾಗ ತರಗತಿಯ ಐವರು ಏಕಕಾಲಕ್ಕೆ ಹಾಸಿಗೆ ಹಿಡಿದುದನ್ನು ಗಂಭೀರವಾಗಿ ಪರಿಗಣಿಸಿ ಕಟ್ಟಡಕ್ಕೆಲ್ಲ ಔಷಧಿ ಸಿಂಪಡಿಸಲಾಯಿತು. ಒಂದು ದಿನವೂ ತಪ್ಪಿಸಿಕೊಳ್ಳದ ರಾದ್ಕೊಗೆ, ಪ್ರಶ್ನೆ ಕೇಳಕೂಡದೆಂಬ ಷರತ್ತಿನ ಮೇಲೆ ಕೂರಲು ಅನುಮತಿ ಸಿಕ್ಕಿತು. ಪರೀಕ್ಷೆಯಲ್ಲಿ ಜ್ಲಾತಿನಾ ಏಳು ಉತ್ತರಪತ್ರಿಕೆ ಬರೆದಳು. ಆರು ಪತ್ರಿಕೆಗೆ ಅತ್ಯುತ್ತಮ ಅಂಕ ಬಂತು. ಏಳನೆಯದರ ಹೊತ್ತಿಗೆ ಕೈ ಸೋತು ನಪಾಸಾದಳು.

"ಸರ್, ಆರು ಜನ ಪಾಸಾಗಿದೀವಿ, ಒಬ್ಬಳು ಫೇಲು. ಈಗ ನಾನು ಊರಿಗೆ ಹೋಗೋದಾ, ಇಲ್ಲೇ ಇದ್ದು ಮತ್ತೆ ಪರೀಕ್ಷೆ ಬರೆಯೋದಾ?"

ಗೆರ್ಗಿನೋವ್ ತುಸು ಯೋಚಿಸಿದರು. "ಬಹುಮತ ಊರಿಗೆ ಹೋಗಬಹುದಮ್ಮ."

ಮೂವರಿಂದ ಹನ್ನೆರಡಕ್ಕೆ ಬೆಳೆದ ಕೋರ್ಸನ್ನು ಸಚಿವಾಲಯ ಮೆಚ್ಚಿ ಪತ್ರ ಬರೆಯಿತು. ಗೆರ್ಗಿನೋವ್ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಮೊಳೆ ಹೊಡೆದವರು ಅವರ ಹೆಂಡತಿ. ಪತ್ರ ಕಂಡು ಹುರುಪುಗೊಂಡ ಡೀನ್ ಪ್ರಕಟಣೆ ಹೊರಡಿಸಿದರು: "ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಅಧ್ಯಾಪಕರ ವಾರ್ಷಿಕ ಪಟ್ಟಿಯನ್ನು ಇನ್ನು ಮುಂದೆ ಶಿಫಾರಸು, ಜಗಳ ಹಾಗೂ ಕಣ್ಣೀರಿಗೆ ಆಸ್ಪದವಿಲ್ಲದಂತೆ ಗೆರ್ಗಿನೋವ್ ವಿಧಾನದಲ್ಲಿಯೇ ತಯಾರಿಸತಕ್ಕದ್ದು."

ತಮ್ಮ ಹೆಸರಿಟ್ಟ ವಿಧಾನವನ್ನು ಬೇಡವೆನ್ನಲು ಅವರಿಗೆ ಬಾಯಿ ಬರಲಿಲ್ಲ. ವಿಭಾಗದಲ್ಲಿ ಐವರು, ಐದು ಸಲ ಎತ್ತಿದರು. ಕಿರಿಯ ಅಧ್ಯಾಪಕ ಪೆಟ್ಕಾನೋವ್ ಎರಡು ಸಲ ಬಂದ, ಉಳಿದ ಮೂವರು ಒಂದೊಂದು ಸಲ. ಗೆರ್ಗಿನೋವ್ ಬರಲಿಲ್ಲ.

ಅವರು ಕೂತು ಲೆಕ್ಕ ಮಾಡಿದರು. ಐವರ ಪೈಕಿ ಒಬ್ಬನ ಹೆಸರು ಹೀಗೆ ಬಾರದೆ ಹೋಗುವ ಸಂಭವ ಹೆಚ್ಚುಕಡಿಮೆ ಮೂರರಲ್ಲಿ ಒಂದು. ಇದನ್ನು ಅವರೇ ಇಪ್ಪತ್ತಾರು ಸಲ ಬೋರ್ಡಿನ ಮೇಲೆ ಸಾಧಿಸಿ ತೋರಿಸಿದ್ದರು. ಆ ಒಬ್ಬ ಯಾರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ತಪ್ಪು ಹುಡುಕಲು ಇಡೀ ಮಧ್ಯಾಹ್ನ ಹೆಣಗಿದರು. ಸಿಕ್ಕಲಿಲ್ಲ. ವಿಧಾನ ಎಷ್ಟು ಚೆನ್ನಾಗಿ ಕೆಲಸ ಮಾಡಿತಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು.

"ಹಾಗಾದ್ರೆ ನಾನು ಮನೆಗೆ ಹೋಗಬೇಕಾ?" ಎಂದು ಕಚೇರಿಗೆ ಬಂದು ಕೇಳಿದರು.

"ಅದು ಹೇಗಾಗುತ್ತೆ?" ಎಂದರು ಪೆಹ್ಲಿವಾನೋವಾ. "ಪೆಟ್ಕಾನೋವ್ ಇಬ್ಬರಾಗಿದಾರೆ, ಮೈ ಮಾತ್ರ ಒಂದೇ. ಎರಡನೆಯವರ ಪಾಠ ಯಾರಾದ್ರೂ ಮಾಡಬೇಕಲ್ಲ? ಸಂಖ್ಯಾಶಾಸ್ತ್ರ ಅವರ ಪಾಲಿಗೇ ಬಂದಿದೆ. ಇಲ್ಲಿ ರುಜು ಹಾಕಿ."

ಗೆರ್ಗಿನೋವ್ ಪೆನ್ನು ತೆಗೆದರು.

"ಪೆಟ್ಕಾನೋವ್ ಅಂತ ಹಾಕಬೇಕು," ಎಂದು ಪೆಹ್ಲಿವಾನೋವಾ ನೆನಪಿಸಿದರು.

ಹಾಕಿದರು. ಮೊದಲ ಸಲವಾದ್ದರಿಂದ ಒಂದೊಂದೇ ಅಕ್ಷರ ಕೂಡಿಸಿ ಬರೆದರು. ಸೋಮವಾರ ಎಂದಿನಂತೆ ತರಗತಿಗೆ ಹೋದರು. ಈಗ ವಿದ್ಯಾರ್ಥಿಗಳೆಲ್ಲ ಅವರನ್ನು ಪೆಟ್ಕಾನೋವ್ ಸರ್ ಎಂದೇ ಕರೆಯುತ್ತಾರೆ, ಹೆಂಡತಿಗೂ ಅಭ್ಯಾಸವಾಗುತ್ತಿದೆ. ಮೊಗಸಾಲೆಯಲ್ಲಿ ಆ ಇನ್ನೊಬ್ಬ ಪೆಟ್ಕಾನೋವ್ ಎದುರಾದರೆ ಇವರೇ ಗೋಡೆಗೆ ಸರಿದು ದಾರಿ ಬಿಡುತ್ತಾರೆ. ವಯಸ್ಸಿನಲ್ಲಿ ಆತ ಹನ್ನೊಂದು ವರ್ಷ ಚಿಕ್ಕವನಿರಬಹುದು, ಆದರೆ ಪಟ್ಟಿಯಲ್ಲಿ ಮೊದಲನೆಯವನು.