ಗಂಜಿನೀರಿನ ಮೇಲೆ ಹೆಬ್ಬಾರರ ದಂಡಯಾತ್ರೆ

ಸಕಲ ಪಾಪಗಳೂ ಚರಂಡಿಯಾಗಿ ಹರಿದು ಕೆರೆ ಸೇರುವ ಈ ಕಲಿಯುಗದ ಪ್ರಥಮ ಪಾದದಲ್ಲಿ, ನವರಾತ್ರಿಯ ಅನ್ನಸಂತರ್ಪಣೆ ಮುಗಿದ ಮರುದಿನ, ಹೊಳೆಬಾಗಿಲು ದುರ್ಗಾಪರಮೇಶ್ವರಿಯ ಕೆರೆಯಲ್ಲಿ ದೊಡ್ಡಮ್ಮ ಹೊಟ್ಟೆ ಮೇಲಾಗಿ ತೇಲುತ್ತಿದ್ದಾಳೆಂಬ ವಾರ್ತೆ ಬೆಳಗಿನ ಪೂಜೆಯ ಗಂಟೆಗಿಂತ ಮೊದಲೇ ಊರನ್ನು ಮುಟ್ಟಿತು. ದೊಡ್ಡಮ್ಮನೆಂದರೆ ಆ ಕೆರೆಯ ದೇವರಮೀನುಗಳಲ್ಲಿ ಹಿರಿಯಳು. ಮತ್ಸ್ಯರೂಪದಿಂದ ವೇದಗಳನ್ನೆತ್ತಿದ ಸ್ವಾಮಿಯ ತಂಗಿಯೇ, ತಾಯೇ, ಅವಳ ಸಾವಿನಿಂದ ಹುಟ್ಟಿದ ಯುದ್ಧವನ್ನು ಹೇಳಿಸು. ಸೋಪಾನಪಂಕ್ತಿವಿಹಾರಿ, ಮುಷ್ಟಿತಂಡುಲಧಾರಿ, ಮಂಡಿನೋವಿಗೂ ಮಣಿಯದ ಮಹಾರಥಿ ಗಣಪಯ್ಯ ಹೆಬ್ಬಾರರ ಕೀರ್ತಿಯನ್ನು ಹಾಡಿಸು.

ಹೆಬ್ಬಾರರು ಮೆಟ್ಟಿಲ ಮೇಲೆ ಕುಳಿತು ನೋಡಿದರು. ಉಳಿದ ಮೀನುಗಳೂ ನೀರಿನ ಮೇಲಕ್ಕೆ ಬಾಯಿ ಚಾಚಿ ಉಸಿರು ಹುಡುಕುತ್ತಿದ್ದವು. ಹೆಂಡತಿ ಕಮಲಾಕ್ಷಮ್ಮ ತೀರಿಕೊಂಡ ಮೇಲೆ ಆ ಮೀನುಗಳಿಗೆ ಅಕ್ಕಿ ಹಾಕುವ ಕೆಲಸ ಅವರದಾಗಿತ್ತು. ಅವಳು ಒಪ್ಪಿಸಿಹೋದದ್ದರಲ್ಲಿ ಜೀವವಿರುವುದು ಅವಕ್ಕಷ್ಟೇ.

ಶತ್ರು ಯಾರೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ದೇವಸ್ಥಾನದ ಅಡುಗೆಶಾಲೆಯಿಂದ ಅಕ್ಕಿ ತೊಳೆದ ನೀರು, ಗಂಜಿ, ಹಂಡೆ ಬಳಿದ ನೀರು ಸಣ್ಣ ತೋಡಿನಲ್ಲಿ ಹರಿದು ಕೆರೆಗೇ ಬೀಳುತ್ತಿತ್ತು. ಅದು ಕೊಳೆತು ಹುಟ್ಟುವ ಅಮೋನಿಯವೆಂಬ ಅದೃಶ್ಯ ದಾನವನೇ ಮೀನಿನ ಕಿವಿರು ಸುಡುವವನು. ಹೀಗೆಂದು ತಿಳಿಸಿದವನು ಹೊಳೆಯ ಅಂಚಿನಲ್ಲಿ ಸಿಗಡಿ ಸಾಕುವ ಬಾಬು ಖಾರ್ವಿ. ಅಸ್ತ್ರ ಕೊಟ್ಟವನೂ ಅವನೇ.

ಆ ಅಸ್ತ್ರದ ಹೆಸರು ಜಿಯೋಲೈಟ್. ಪೂರ್ವಕಲ್ಪದಲ್ಲಿ ಬೆಂಕಿಬೆಟ್ಟಗಳು ಉಗುಳಿದ ಬೂದಿ ಯುಗಯುಗ ನೀರಿನಲ್ಲಿ ತಪಸ್ಸು ಮಾಡಿ ಕಲ್ಲಾಯಿತು. ಕಣ್ಣಿಗೆ ಕಾಣದ ಕೋಟಿ ಗೂಡುಗಳನ್ನು ಮೈಯೆಲ್ಲ ಪಡೆಯಿತು. ಕೊಳಕು ನೀರು ಹಾಯ್ದರೆ ಅಮೋನಿಯವನ್ನು ಆ ಗೂಡುಗಳಲ್ಲಿ ಸೆರೆಹಿಡಿಯುವ ವರ ಪಡೆಯಿತು. ಬಾಬು ಅದನ್ನು ತಂದದ್ದು ತನ್ನ ಸಿಗಡಿ ಹೊಂಡಕ್ಕೆ.

"ನಂಗೆ ಇದ್ ಆಗ್ಲಿಲ್ಲ ಹೆಬ್ಬಾರ್ರೆ," ಎಂದ. "ನಮ್ದ್ ಉಪ್ಪುನೀರ್. ನಿಮ್ದ್ ಸಿಹಿನೀರಲ್ದಾ, ಹಾಕಿ ಕಾಣಿ. ಮನೇಲಿಟ್ರೆ ಹೆಂಡ್ತಿ ಬೈತ್ಳ್."

ಹೀಗೆ ದಿವ್ಯಾಸ್ತ್ರವು ಬಾಬುವಿನ ಆಟೋದಿಂದ ಇಳಿಯಿತು. ಹೆಬ್ಬಾರರು ಅದನ್ನು ಬಲೆಚೀಲಗಳಲ್ಲಿ ತುಂಬಿ, ತೋಡು ಕೆರೆಗೆ ಬೀಳುವ ಬಾಯಿಗೆ ಸಾಗಿಸುವಷ್ಟರಲ್ಲಿ, ಧೂಮಧೂಸರಿತದೇಹನೂ ಸಟ್ಟುಗಾಯುಧನೂ ಆದ ಪಾಕಶಾಲಾಧೀಶ್ವರ ಶೀನ ಉಡುಪರು ದಾರಿಗೆ ಅಡ್ಡ ನಿಂತರು.

"ಎಲೈ ಹೆಬ್ಬಾರಕುಲತಿಲಕನೆ, ಸಹಸ್ರಾರು ಉದರಗಳನ್ನು ತಣಿಸಿದ ನನ್ನ ಪಾಕಶಾಲೆಯ ತೀರ್ಥವನ್ನು ತಡೆಯುವ ಕಲ್ಲು ಮೂರು ಲೋಕದಲ್ಲಿ ಹುಟ್ಟಿಲ್ಲ" ಎಂಬ ಅರ್ಥ ಬರುವಂತೆ ಉಡುಪರು ಗರ್ಜಿಸಿದರು. ಅವರ ಬಾಯಿಯಿಂದ ಹೊರಟ ಮಾತು ಇದು:

"ಹ್ವಾಯ್, ಎಂತ ಮಾರಾಯ್ರೆ ಇದ್? ತೋಡ್ ಕಟ್ಟಿ ನೀರೆಲ್ಲ ನನ್ನ ಒಲೆಬುಡಕ್ಕೆ ಬರ್ಕಾ?"

"ನೀರ್ ನಿಲ್ಲುದಿಲ್ಲ ಉಡುಪ್ರೆ. ಸೋಸಿ ಹೋತ್ತ್."

"ನನ್ನ ಗಂಜಿನೀರ್ ಕುಡ್ದೇ ಅಲ್ದಾ ಆ ಮೀನ್ ದಪ್ಪ ಆದ್ದ್?"

"ದಪ್ಪ ಆದ್ದಲ್ಲ. ಉಬ್ಬಿದ್ದ್."

ಈ ವಾಗ್ಬಾಣ ಉಡುಪರ ಎದೆಯಲ್ಲಿ ನಾಟಿತು. ಅವರು ಸಟ್ಟುಗ ಎತ್ತಿದರು. ಹೆಬ್ಬಾರರು ಕೊಡೆ ಎತ್ತಿದರು. ದಿಕ್ಕುಗಳು ನಡುಗಿದವೆನ್ನಲು ಅಡ್ಡಿಯಿಲ್ಲ, ಗೋಪುರದ ಪಾರಿವಾಳಗಳಂತೂ ಎದ್ದುಹೋದವು. ಕೊನೆಗೆ ಉಡುಪರಿಗೆ ಒಲೆಯ ಮೇಲಿದ್ದ ಸಾರಿನ ನೆನಪಾಗಿ ರಣಭೂಮಿ ಬರಿದಾಯಿತು. ಚೀಲಗಳು ತೋಡಿನ ಬಾಯಲ್ಲಿ ಕುಳಿತವು.

ಆಗ ಹೆಬ್ಬಾರರು ಕೈಮುಗಿದು ಒಂದು ಹರಕೆ ಹೊತ್ತರು. ಹೊಳೆಬಾಗಿಲಿನಲ್ಲಿ ನರಹುಲಿಯಾದವರೂ ತುರಿಕಜ್ಜಿಯಾದವರೂ ಕೆರೆಗೆ ಉಪ್ಪು ಒಪ್ಪಿಸುವುದು ಹಿಂದಿನಿಂದ ಬಂದದ್ದು. ಉಪ್ಪು ಕರಗಿದ ಹಾಗೆ ಕಷ್ಟ ಕರಗಬೇಕು. ಅವರವರು ಒಪ್ಪಿಸುವುದು ಒಂದು ಹಿಡಿ. "ತಾಯಿ, ಉಳಿದವು ಬದುಕಿದರೆ ಒಂದು ಮೂಟೆ," ಎಂದರು ಹೆಬ್ಬಾರರು.

ತಾಯಿ ಕೇಳಿಸಿಕೊಂಡಳು. ದಿನ ಕಳೆದಂತೆ ಕೆರೆಯ ವಾಸನೆ ಇಳಿಯಿತು. ಮೀನುಗಳು ಬಾಯಿ ಮುಚ್ಚಿ ಆಳಕ್ಕೆ ಹೋದವು, ಅಕ್ಕಿಗೆ ಮಾತ್ರ ಮೇಲೆ ಬಂದವು. ಉಡುಪರು ಸಹ ಒಮ್ಮೆ ಬಂದು ಇಣುಕಿ, ಸಟ್ಟುಗವನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಹೋದರು. ಶತ್ರು ಅಡಗಿಸಿದ ಆಯುಧಕ್ಕಿಂತ ದೊಡ್ಡ ಜಯಭೇರಿಯಿಲ್ಲ.

ಶುಕ್ರವಾರ ಹೆಬ್ಬಾರರು ಮಡಿಯುಟ್ಟು ಹರಕೆ ತೀರಿಸಿದರು. ಉಪ್ಪು ಒಪ್ಪಿಸುವ ಜಾಗ, ವಾಡಿಕೆಯಂತೆ, ನೀರು ಕೆರೆಗಿಳಿಯುವ ಬಾಯಿ. ಮೂಟೆ ಬಿಚ್ಚಿ, ಚೀಲಗಳ ಮೇಲೆಯೇ ಭಕ್ತಿಯಿಂದ ಸುರಿದರು. ಅಡುಗೆಶಾಲೆಯ ನೀರು ಬಂದು ಉಪ್ಪನ್ನು ಕರಗಿಸಿಕೊಂಡು ಕಲ್ಲುಗಳ ನಡುವೆ ಇಳಿಯಿತು. ಸಂಜೆಯ ಹೊತ್ತಿಗೆ ಕೆರೆ ಮೂಗು ಬಿಡಲಾಗದಂತೆ ನಾರಿತು. ಮೀನುಗಳೆಲ್ಲ ಮತ್ತೆ ಬಾಯಿ ತೆರೆದು ಮೇಲಕ್ಕೆ ಬಂದವು; ದೊಡ್ಡಮ್ಮನ ಹಿಂದೆಯೇ ಈಜುತ್ತಿದ್ದ ರೆಕ್ಕೆ ಹರಿದ ಮೀನು ಮಾತ್ರ ಸತ್ತು ಮೆಟ್ಟಿಲಿಗೆ ಬಂದು ಒರಗಿತು.

ಓಡಿಬಂದ ಬಾಬು ಚೀಲ ಮೂಸಿ ತಲೆ ಮೇಲೆ ಕೈಯಿಟ್ಟ. "ಅಯ್ಯೋ ಹೆಬ್ಬಾರ್ರೆ, ಉಪ್ಪು ಕಂಡ್ರೆ ಇದ್ ಹಿಡ್ದದ್ದನ್ನೆಲ್ಲ ಬಿಡ್ತ್. ಅದಕ್ಕೇ ಅಲ್ದಾ ನನ್ನ ಹೊಂಡದಾಗೆ ಆಗ್ದೇ ಇದ್ದದ್ದ್."

"ನೀ ಹೇಳ್ಳಿಲ್ಲ."

"ದೇವಸ್ಥಾನದ ಕೆರೆಗೆ ಮೂಟೆಗಟ್ಲೆ ಉಪ್ಪ್ ಹಾಕ್ತ್ರಿ ಅಂದೇಳಿ ನಂಗೆ ಕನಸ್ ಬೀಳ್ಕಾ?"

ಇಬ್ಬರೂ ಚೀಲಗಳನ್ನು ಎಳೆಯುವ ಮೊದಲೇ ಉಡುಪರು ಬಾವಿಗೆ ಪಂಪು ಹಾಕಿ ಪೈಪನ್ನು ಕೆರೆಗೆ ಬಿಟ್ಟಿದ್ದರು. "ಸಾಯ್ತೊ ಎಂತದೋ, ಮೊದ್ಲ್ ನೀರ್ ಬಿಡುವ," ಎಂದರು. ಹೊಸ ನೀರು ಇಳಿದಂತೆ ಮೀನುಗಳು ಒಂದೊಂದಾಗಿ ಆಳಕ್ಕೆ ಹೋದವು.

ಇಂದಿಗೂ ಆ ದಿವ್ಯಾಸ್ತ್ರ ತೋಡಿನ ಬಾಯಲ್ಲಿದೆ. ಸೆರೆ ತುಂಬಿದಾಗ ಹೆಬ್ಬಾರರು ಅದನ್ನು ತೆಂಗಿನ ಬುಡಕ್ಕೆ ಒಯ್ದು, ಉಪ್ಪುನೀರಿನ ಬಕೆಟ್ಟಿನಲ್ಲಿ ನೆನೆಹಾಕಿ ತೊಳೆದು ತರುತ್ತಾರೆ. ಕಲ್ಲು ಮತ್ತೆ ಹೊಸದಾಗುತ್ತದೆ. ತ್ರಿಲೋಕವನ್ನು ನಡುಗಿಸಿದ ದಂಡಯಾತ್ರೆ ಬಟ್ಟೆ ಒಗೆಯುವಷ್ಟು ದೊಡ್ಡ ಕೆಲಸವಾಯಿತು. ಹರಕೆಯ ಉಪ್ಪೂ ಈಗ ಆ ಬಕೆಟ್ಟಿಗೇ.

ಅಂದು ಪಂಪು ನಿಲ್ಲಿಸಿದ ಮೇಲೆ ಉಡುಪರು ಸತ್ತ ಮೀನನ್ನು ಬಾಳೆಲೆಯಲ್ಲಿ ಇಟ್ಟು, ಎಳ್ಳುನೀರು ಬಿಡಲು ಹೆಬ್ಬಾರರನ್ನು ಕೂರಿಸಿದರು.

"ಗೋತ್ರ ಎಂತ ಹೇಳ್ಕ್?" ಎಂದರು ಉಡುಪರು.

"ಗೊತ್ತಿಲ್ದೋರಿಗೆಲ್ಲ ಕಾಶ್ಯಪ ಅಲ್ದಾ. ಹಾಂಗೇ ಹೇಳಿ. ದೊಡ್ಡಮ್ಮಂದೂ ಸೇರ್ಸಿ."

ಉಡುಪರು ಮಂತ್ರ ಹೇಳಿದರು. ಹೆಬ್ಬಾರರ ಬೆರಳ ತುದಿಯಿಂದ ನೀರು ಇಳಿಯಿತು. ತಾಯೇ, ನಿನ್ನ ನೀರಿನಲ್ಲಿ ಹುಟ್ಟಿ, ನಮ್ಮ ಎಂಜಲಿನಿಂದಲೂ ನಮ್ಮ ಭಕ್ತಿಯಿಂದಲೂ ಸತ್ತ ಈ ಎರಡು ಜೀವಗಳಿಗೆ ತಿಳಿನೀರಿರುವ ಲೋಕ ಕೊಡು. ಅಲ್ಲಿ ಮೆಟ್ಟಿಲ ಮೇಲೆ ಅಕ್ಕಿ ಹಿಡಿದು ಕುಳಿತಿರುವವಳ ಕೈಗೆ ಅವುಗಳನ್ನು ಸೇರಿಸು. ಶಾಂತಿಯಾಗಲಿ.