ಎದುರು ಮಾತಾಡದ ಗಂಡ

ಶ್ರೀಕಾಂತ ತಲೆಯಾಡಿಸಿಬಿಟ್ಟ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಯಾವುದಕ್ಕೆ ತಲೆಯಾಡಿಸಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಮಹಡಿ ಮನೆಯ ಮಹತಿ ಏನೋ ವಿವರಿಸುತ್ತಿದ್ದಳು. ಅವನು ಮಾತ್ರ, ಮೊಸರು ಹುಳಿಯಾಯಿತೆಂದು ಬೈದಿದ್ದ ಹೆಂಡತಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದ. ಮದುವೆಯಾದಾಗಿನಿಂದ ಅದೇ ಪದ್ಧತಿ. ಸತ್ಯವತಿ ಏನೇ ಅಂದರೂ ಹೊರಗೆ ಮೌನ, ಒಳಗೆ ವಕೀಲನಂತೆ ವಾದಿಸಿ ಗೆಲ್ಲುವುದು. ಹೀಗಾಗಿ ಆರ್.ಟಿ. ನಗರದ ಆ ಬೀದಿಯಲ್ಲಿ ಎದುರು ಮಾತಾಡದ ಗಂಡ ಎಂದೇ ಅವನಿಗೆ ಹೆಸರು. ಆ ಹೆಸರಿನ ಮೇಲೆಯೇ ಸಂಸಾರ ತಣ್ಣಗೆ ನಡೆದಿತ್ತು.

"ಹಾಗಾದ್ರೆ ಇವತ್ತೇ ಬನ್ನಿ ಅಂಕಲ್," ಎಂದಳು ಮಹತಿ. ಬಾಯಿ ತೆರೆಯದೆ ಮನುಷ್ಯ ತನ್ನೊಳಗೇ ಆಡಿಕೊಳ್ಳುವ ಮಾತನ್ನು ಮೆದುಳು ಹೇಗೆ ನಿಭಾಯಿಸುತ್ತದೆ ಎಂಬುದರ ಮೇಲೆ ಅವಳು ಹೆಬ್ಬಾಳದಲ್ಲಿ ಸಂಶೋಧನೆ ಮಾಡುತ್ತಿದ್ದಳು. ತಲೆಗೆ ಯಂತ್ರ ಹಾಕಿ ನೋಡಲು ಒಬ್ಬರು ಬೇಕಾಗಿದ್ದರು.

ಪಕ್ಕದ ಮನೆಯ ಗಜಾಲಾ ಕಾಂಪೌಂಡಿನಾಚೆಯಿಂದಲೇ ನಕ್ಕರು. "ಒಳ್ಳೇವ್ರನ್ನೇ ಹಿಡಿದೆ ಕಣಮ್ಮ. ಇವರ ತಲೇಲಿ ಒಂದು ಸೊಳ್ಳೆ ಕೂಡ ಗುಂಯ್ ಅನ್ನಲ್ಲ."

"ಇವತ್ತು ಗೊತ್ತಾಗತ್ತಲ್ಲ ಬಿಡಿ, ನಾನೂ ಬರ್ತೀನಿ," ಎಂದಳು ಸತ್ಯವತಿ. ಮಹತಿ ಮುಂದಾಗಿ ಹೊರಟ ಮೇಲೆ ಗಂಡನತ್ತ ತಿರುಗಿದಳು. "ಏನ್ರೀ, ಎಣ್ಣೆ ಹಾಕಿ ನೀಟಾಗಿ ತಲೆ ಬಾಚ್ಕೊಳಿ."

ಗಜಾಲಾ ಕೂಡ ಆಟೊ ಹತ್ತಿದರು. ಶ್ರೀಕಾಂತ ಬೆವರುವುದನ್ನು ಕಂಡು, ಯಾರಿಗೂ ಕಾಣದಂತೆ ಅವನ ಕೈಗೊಂದು ಪೆಪ್ಪರ್‌ಮಿಂಟು ತುರುಕಿದರು.

ಡ್ರೈವರ್ ಸಿದ್ದಲಿಂಗನಿಗೆ ವಿಷಯ ಕೇಳಿಸಿತ್ತು. "ಆ ಮಿಷಿನ್ ಆಕುದ್ರೆ ಮನ್ಸಲ್ಲಿರೋದೆಲ್ಲ ಅಕ್ಷರಕ್ಷರ ಬತ್ತದಂತೆ ಸಾರ್. ಫೋನಲ್ಲಿ ನೋಡ್ದೆ."

ಪೆಪ್ಪರ್‌ಮಿಂಟು ಗಂಟಲಲ್ಲಿ ಸಿಕ್ಕಿಕೊಂಡಿತು. ಸಿದ್ದಲಿಂಗ ಫ್ಲೈಓವರ್ ಕೆಳಗೆ ಗಾಡಿ ನಿಲ್ಲಿಸಿ ತನ್ನ ಬಾಟಲಿಯ ನೀರು ಕೊಟ್ಟ. ತಲೆ ಪೂರ್ತಿ ಮಗ್ಗಿ ತುಂಬಿಬಿಟ್ಟರೆ ಬೇರೆ ಮಾತಿಗೆ ಜಾಗವಿರುವುದಿಲ್ಲ ಎಂದು ಶ್ರೀಕಾಂತ ಹದಿಮೂರರ ಮಗ್ಗಿ ಹಿಡಿದ. ಅಷ್ಟರಲ್ಲಿ, "ಸ್ವಲ್ಪ ಸರೀರಿ, ಸೀರೆ ಮುದುರತ್ತೆ," ಎಂದಳು ಸತ್ಯವತಿ. ಮಗ್ಗಿ ಬಿಟ್ಟುಹೋಗಿ ಉತ್ತರ ತಾನಾಗಿ ಎದ್ದುಬಂತು. ಒಳ್ಳೆಯ ಉತ್ತರವೇ. ಅದೇ ಭಯ.

ಸಂಶೋಧನಾಲಯದಲ್ಲಿ ಮಹತಿ ಅವನ ತಲೆ ಮುಟ್ಟಿ ನೋಡಿದಳು. "ಅಂಕಲ್, ಎಣ್ಣೆ ಹಾಕ್ಬೇಡಿ ಅಂದಿದ್ನಲ್ಲ."

ವಾಷ್‌ಬೇಸಿನ್ನಿನಲ್ಲಿ ಶಾಂಪೂ ಹಾಕಿ ತಲೆ ತೊಳೆಸಿದರು. ಗಜಾಲಾ ತಮ್ಮ ದುಪಟ್ಟಾದಲ್ಲೇ ಒರೆಸಿದರು. ಕೊನೆಗೆ ವೈರು ಇಳಿಬಿದ್ದ ಟೋಪಿ ತೊಡಿಸಿದಾಗ ಅವನು ಸೋರೆಕಾಯಿಗೆ ಬಲೆ ಕಟ್ಟಿದಂತೆ ಕಾಣುತ್ತಿದ್ದ.

"ಹೇಳಿದ್ದು ಕಿವಿಗೇ ಹಾಕ್ಕೊಳಲ್ಲ ಇವರು," ಎಂದಳು ಸತ್ಯವತಿ.

ಪರದೆಯ ಮೇಲಿನ ಗೆರೆಗಳು ಕುಣಿದವು.

"ನೋಡಿ ಆಂಟಿ, ಈಗ ಒಳಗೆ ಜೋರಾಗೇ ಮಾತು ನಡೀತಿದೆ."

"ಯಾರ ಹತ್ರ?" ಸತ್ಯವತಿ ಕನ್ನಡಕ ಹಾಕಿಕೊಂಡು ಪರದೆಗೆ ಬಗ್ಗಿದಳು.

ಆ ಕನ್ನಡಕ ಕಂಡದ್ದೇ ಶ್ರೀಕಾಂತನ ಧೈರ್ಯ ಕುಸಿಯಿತು. "ಓದ್ಬೇಡ ಕಣೇ, ನಾನೇ ಹೇಳ್ತೀನಿ. ಎಣ್ಣೆ ಹಾಕ್ಕೊ ಅಂದೋಳೇ ನೀನು ಅಂದೆ. ಮೊಸರು ಹುಳಿಯಾಗಿದ್ದು ನೀನು ಫ್ರಿಜ್ಜಿಗೆ ಇಡೋದು ಮರೆತದ್ದಕ್ಕೆ ಅಂದೆ. ನೀನು ಹಾಡಿದ್ರೆ ಹಾಲು ಒಡೆಯತ್ತೆ ಅಂತ್ಲೂ ಅಂದಿದೀನಿ. ನಿನ್ನ ಅಣ್ಣನ್ನ..." ಅಣ್ಣನ ವಿಷಯವೂ ಪೂರ್ತಿ ಬಂತು.

ಗಜಾಲಾ ಗೋಡೆಯ ಕಡೆ ತಿರುಗಿ ನಿಂತರು.

"ಅಂಕಲ್," ಎಂದಳು ಮಹತಿ ಮೆಲ್ಲಗೆ, "ಯಾವ ಮಾತು ಅಂತ ಇದರಲ್ಲಿ ಗೊತ್ತಾಗಲ್ಲ. ಮಾತು ನಡೀತಿದೆ ಅಂತಷ್ಟೇ. ಬೆಳಿಗ್ಗೆ ನಿಮಗೆ ಅದನ್ನೇ ಹೇಳಿದ್ದು."

ವಾಪಸು ಬರುವಾಗ ಸತ್ಯವತಿ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ಬಿಸಿ ಸಾರು ಮಾಡಿ, ಎಂದಿಗಿಂತ ಒಂದು ಚಮಚ ಹೆಚ್ಚೇ ತುಪ್ಪ ಹಾಕಿ ಬಡಿಸಿದಳು.

"ಬಯ್ಯೇ, ಪರವಾಗಿಲ್ಲ," ಎಂದ ಶ್ರೀಕಾಂತ.

ಅವಳು ಮುಗುಳ್ನಕ್ಕಳು. ತುಟಿ ಬಿಚ್ಚಲಿಲ್ಲ, ಹುಬ್ಬು ಮಾತ್ರ ಒಂದೊಂದು ಸಲ ಮೇಲೇರಿ ಇಳಿಯುತ್ತಿತ್ತು.

ಅನ್ನ ಅರ್ಧಕ್ಕೇ ಬಿಟ್ಟು ಅವನು ಮಹಡಿ ಹತ್ತಿ ಮಹತಿಯ ಬಾಗಿಲು ಬಡಿದ.

"ಯಾವ ಮಾತು ಅಂತ್ಲೂ ತೋರಿಸೋ ಮಿಷಿನ್ ಯಾವಾಗ ಬರತ್ತಮ್ಮ?"